ಯುನಾನಿ ತಾನಾಸಪ್ಪನ ಹೆಂಡತಿ

ಅಮೃತಮ್ಮನಿಗೆ ಗಂಡನ ಊರಿನ ಹೆಸರು ನಾಲಿಗೆಗೆ ಹೊಂದುತ್ತಿರಲಿಲ್ಲ. ಅವನು ಪ್ಲಾಕೋವ ಅನ್ನುತ್ತಿದ್ದ. ಅವಳ ಬಾಯಲ್ಲಿ ಅದು ಪಲಕವ್ವ ಆಗುತ್ತಿತ್ತು. ಕೇಳಿದವರು ಯಾವುದೋ ಗುಡ್ಡದ ದೇವಿಯ ಹೆಸರೆಂದು ತಿಳಿದು ಸುಮ್ಮನಾಗುತ್ತಿದ್ದರು. ಹೆಸರಿನದೇನೂ ಅವಳಿಗೆ ಚಿಂತೆಯಿರಲಿಲ್ಲ. "ನಿನ್ನ ರಾಜ್ಯ ಯಾವುದು" ಎಂದು ಯಾರಾದರೂ ಕೇಳಿಬಿಟ್ಟರೆ ಗಂಡ ಕೊಡುವ ಉತ್ತರದ್ದೇ ಅವಳಿಗೆ ಹೆದರಿಕೆ. ಆ ಉತ್ತರ ಅವಳ ಮದುವೆಯನ್ನೇ ಮುರಿಯುವುದರಲ್ಲಿತ್ತು. ಇಪ್ಪತ್ತು ವರ್ಷದ ಮೇಲೆ ಅದು ಅವನ ಜೀವಕ್ಕೇ ಬಂತು.

ಅವಳ ಅಪ್ಪ ಕಾಶಪ್ಪ ಶಹಾಬಾದಿನ ಫರ್ಸಿಗಲ್ಲಿನ ಖಣಿಯಲ್ಲಿ ಕಲ್ಲು ಸೀಳುವವನು. ನೆಲದಡಿ ಪದರ ಪದರವಾಗಿ ಮಲಗಿದ ಕಲ್ಲಿಗೆ ಸಾಲಾಗಿ ಬೆಣೆ ಬಡಿದು, ಹಪ್ಪಳ ಎತ್ತಿದಂತೆ ಎತ್ತಿ ತೆಗೆಯುವ ಕೆಲಸ. ಅಮೃತಮ್ಮ ಗಂಡ ಸತ್ತು ತವರಿಗೆ ಬಂದವಳು. ಅದೇ ಖಣಿಯಲ್ಲಿ ಬುಟ್ಟಿಯಲ್ಲಿ ಚೂರುಗಲ್ಲು ಹೊರುತ್ತಿದ್ದಳು. ಮುಂಬಯಿ ಗುತ್ತಿಗೆದಾರನೊಬ್ಬ ಒಂದು ಬೇಸಿಗೆಯಲ್ಲಿ ಕೆಂಪು ಮುಖದ, ದಪ್ಪ ಮೀಸೆಯ ಗಂಡಸನ್ನು ತಂದು ಮೇಸ್ತ್ರಿ ಎಂದು ನಿಲ್ಲಿಸಿ ಹೋದ. ಇಂಗ್ಲೀಷು ದೊರೆಯೇನೋ ಎಂದು ಜನ ಎದ್ದು ನಿಂತರು. ಅವನು ಕೈಯಾಡಿಸಿ, ಮುಂಬಯಿ ಬಂದರಿನಲ್ಲಿ ಕಲಿತ ಮುರುಕು ಹಿಂದೂಸ್ತಾನಿಯಲ್ಲಿ ತಾನು ದೊರೆಯಲ್ಲ, ಯುನಾನಿ ಎಂದ.

ಅವನು ಹೇಳಿದ್ದು ಗ್ರೀಕ್ ದೇಶದವನೆಂದು. ಯುನಾನಿ ಅಂದರೆ ಊರಿಗೆ ಗೊತ್ತಿದ್ದದ್ದು ಒಂದೇ: ಹಕೀಮರ ಔಷಧ. ಮರುದಿನ ಬೆಳಿಗ್ಗೆ ಅವನ ಗುಡಿಸಲ ಮುಂದೆ ಕೆಮ್ಮಿನವರು, ಮಂಡಿ ನೋವಿನವರು, ಜ್ವರ ಬಂದ ಕೂಸುಗಳನ್ನೆತ್ತಿಕೊಂಡ ತಾಯಂದಿರು ಬಂದು ಕುಳಿತಿದ್ದರು. ಅವನು ಎಷ್ಟು ಹೇಳಿದರೂ ಯಾರೂ ಏಳಲಿಲ್ಲ. ಕಡೆಗೆ ಬಿಸಿನೀರಿಗೆ ಜೇನು, ಮೆಣಸು ಹಾಕಿ ಕುಡಿಸಿ ಕಳಿಸಿದ. ಅವರಲ್ಲಿ ಕೆಲವರಿಗೆ ಗುಣವಾಗಿ, ಅವನು ಹಕೀಮನೂ ಆದ. ಅವನ ಹೆಸರು ಥನಾಸಿಸ್. ಖಣಿಯ ಜನ ಅದನ್ನು ತಾನಾಸಪ್ಪ ಮಾಡಿದರು.

ಅವನ ಊರಿನ ಮನೆಗಳ ಮೇಲೂ ಚಪ್ಪಟೆ ಕಲ್ಲೇ ಹೊದಿಸುತ್ತಿದ್ದರಂತೆ. ಆದ್ದರಿಂದ ಕಾಶಪ್ಪನಿಗೂ ಅವನಿಗೂ ಮಾತಿಲ್ಲದೆಯೇ ಸ್ನೇಹ ಬೆಳೆಯಿತು. ಇಬ್ಬರೂ ಒಂದೇ ಕಲ್ಲಿನ ಎರಡು ತುದಿ ಹಿಡಿದು, ಕಿವಿಗೊಟ್ಟು, ಬಡಿದು ನೋಡುತ್ತಿದ್ದರು. ಕೆಲವು ವರ್ಷ ಹೀಗೆ ಹೋದ ಮೇಲೆ, ನಿನ್ನ ಮಗಳನ್ನು ಕೊಡು ಎಂದು ಅವನು ಕೇಳಿದ. ಅಮೃತಮ್ಮನಿಗೂ ಮನಸ್ಸಿತ್ತು. ಗಂಡ ಸತ್ತವಳಿಗೆ ಉಡಿಕಿ ಎಂಬ ಮರುಮದುವೆ ಮಾಡಿಕೊಡುವ ರೂಢಿ ಅವರಲ್ಲಿ ಇತ್ತು. ಅದಕ್ಕೆ ದೈವದ ಹಿರಿಯರು, ಅಂದರೆ ಕುಲದ ಪಂಚರು, ಕೂಡಿದರು. ನೀನು ಯಾವ ರಾಜ್ಯದವನು ಎಂದು ಅವರು ಕೇಳಿದಾಗ, ಸುಳ್ಳಾಡಲು ಬಾರದ ತಾನಾಸಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ನಾ ಹುಟ್ಟಿದ್ದು ತುರ್ಕರ ರಾಜ್ಯದಾಗ."

ಅವನು ಹೇಳಿದ್ದು ಟರ್ಕಿಯ ಸುಲ್ತಾನನ ಮಾತು. ಹಿರಿಯರ ಕಿವಿಯಲ್ಲಿ ತುರ್ಕ ಎಂದರೆ ಸಾಬರು. ಹಿರಿಯನೊಬ್ಬ ಎದ್ದು ಹೆಗಲ ವಲ್ಲಿ ಝಾಡಿಸಿ ಹೊರಟೇಹೋದ. ತಾನಾಸಪ್ಪ ಕೊರಳಲ್ಲಿದ್ದ ಸಣ್ಣ ಶಿಲುಬೆ ತೆಗೆದು ತೋರಿಸಿದರೂ ಯಾರೂ ನೋಡಲಿಲ್ಲ. ಕಾಶಪ್ಪ ಹಠ ಹಿಡಿದು ಮದುವೆ ಮಾಡಿದ. ದೈವದವರು ಮನೆಯನ್ನೇ ಪಂಕ್ತಿಯಿಂದ ಹೊರಗಿಟ್ಟರು. ಅಮೃತಮ್ಮನ ತಮ್ಮ ಸಾಯಬಣ್ಣನಿಗೆ ಆಗ ಕನ್ಯೆ ನೋಡುತ್ತಿದ್ದರು. ಗೊತ್ತಾಗಿದ್ದ ಸಂಬಂಧ ಬಿಟ್ಟುಹೋಯಿತು. ಅವನು ಅಕ್ಕನ ಜೊತೆ ಮಾತು ಬಿಟ್ಟು, ಗುಂಡಗುರ್ತಿಯಲ್ಲಿ ಸೋದರಮಾವನ ಹೊಲ ಮಾಡಿಕೊಂಡಿರಲು ಹೋದ. ಅಪ್ಪನ ಮಣ್ಣಿಗೆ ಬಂದಾಗಲೂ ಅವಳ ಕಡೆ ತಿರುಗಿ ನೋಡಲಿಲ್ಲ.

ಅಂದಿನಿಂದ ಅಮೃತಮ್ಮ ಗಂಡನಿಗೆ ಒಂದೇ ಮಾತು ಕಲಿಸಿದಳು. ಯಾರೇ ಕೇಳಲಿ, ಆ ಶಬ್ದ ಬಾಯಿಂದ ಬರಕೂಡದು.

ಖಣಿಯ ಅಂಚಿನಲ್ಲಿ ಅವರ ಮನೆ. ಪಕ್ಕದಲ್ಲಿ ಮಜೀದಸಾಬನ ಕುಲುಮೆ. ಖಣಿಯ ಉಳಿ, ಹಾರೆ, ಬೆಣೆಗಳಿಗೆಲ್ಲ ಮೊನೆ ಕಟ್ಟುವವನು ಅವನೇ. ಅವನ ಹೆಂಡತಿ ಅಮೀರ್ಬೀ ಅಮೃತಮ್ಮನಿಗಿಂತ ದೊಡ್ಡವಳು; ಅಕ್ಕ ಎಂಬ ಅರ್ಥದಲ್ಲಿ ಅಮೃತಮ್ಮ ಅವಳನ್ನು ಆಪಾ ಎನ್ನುತ್ತಿದ್ದಳು. ಅಮೃತಮ್ಮನಿಗೆ ಹುಟ್ಟಿದ ಒಂದೇ ಕೂಸು ಜ್ವರದಲ್ಲಿ ತೀರಿಕೊಂಡಾಗ, ಹೊರಗಿಟ್ಟ ಮನೆಗೆ ತವರಿನ ಕಡೆಯವರು ಯಾರೂ ಬರಲಿಲ್ಲ. ಅಮೀರ್ಬೀಯೇ ಬಂದು ಅವಳಿಗೆ ನೀರು ಹಾಕಿ, ತಲೆ ಬಾಚಿ, ಗಂಜಿ ಕುಡಿಸಿ, ಅವಳು ಅನ್ನ ಮುಟ್ಟುವವರೆಗೂ ಮನೆಗೆ ಹೋಗಿರಲಿಲ್ಲ.

ಮಳೆಗಾಲದಲ್ಲಿ ಖಣಿಯೊಳಗೆ ನೀರು ನಿಂತು ಕೆಲಸ ನಿಲ್ಲುತ್ತಿತ್ತು. ಆಗ ತಾನಾಸಪ್ಪ ತನ್ನ ಊರಿನ ಕಥೆ ಹೇಳುತ್ತಿದ್ದ. ಎಪಿರಸ್ ಎಂಬ ಗುಡ್ಡಗಾಡಿನ ಸೀಮೆ ಅದು. ಕುರಿಯ ಹಾದಿಗಳು, ಕಲ್ಲಿನ ಮನೆಗಳು. ನೂರಾರು ವರ್ಷ ಸುಲ್ತಾನನ ಆಳ್ವಿಕೆ. ಅವನಿಗೆ ಮೀಸೆ ಚಿಗುರುವ ಹೊತ್ತಿಗೆ ಯುನಾನದ ದಂಡು ಹಿಮ ತುಳಿದುಕೊಂಡು ಬಂತು. ನಮ್ಮವರು ಬಂದರು ಎಂದು ಹಳ್ಳಿಗಳೆಲ್ಲ ಗಂಟೆ ಬಾರಿಸಿದವು. ಆ ಸಂತೋಷ ಬಹಳ ದಿನ ಬಾಳಲಿಲ್ಲ. ದೊಡ್ಡ ದೊಡ್ಡ ದೇಶಗಳ ಅಧಿಕಾರಿಗಳು ನಕಾಶೆ ಹಿಡಿದು, ಯುನಾನಕ್ಕೂ ಹೊಸದಾಗಿ ಕಟ್ಟಿದ ಅಲ್ಬೇನಿಯಾ ರಾಜ್ಯಕ್ಕೂ ನಡುವೆ ಗಡಿ ಎಳೆಯಲು ಬಂದರು. ಯಾವ ಹಳ್ಳಿಯ ಮನೆಯೊಳಗೆ ಯಾವ ಭಾಷೆ ಆಡುತ್ತಾರೋ ಆ ರಾಜ್ಯಕ್ಕೆ ಆ ಹಳ್ಳಿ ಎಂದು ಸುದ್ದಿ ಹಬ್ಬಿತು.

ಪ್ಲಾಕೋವದಲ್ಲಿ ಎಲ್ಲರ ಮಾತೂ ಗ್ರೀಕು. ಆದರೆ ತಾನಾಸಪ್ಪನ ಅಜ್ಜಿ ಗುಡ್ಡದಾಚೆಯ ಅಲ್ಬೇನಿಯನ್ನರ ಹಳ್ಳಿಯಿಂದ ಮದುವೆಯಾಗಿ ಬಂದವಳು. ಮುದಿತನದಲ್ಲಿ ಅವಳ ಬಾಯಿಗೆ ತವರ ಭಾಷೆಯೇ ಮರಳಿತ್ತು. ಅಧಿಕಾರಿಗಳು ಬಾವಿಯ ಕಟ್ಟೆಯ ಮೇಲೆ ಕುಳಿತು ನೀರಿಗೆ ಬಂದ ಹೆಂಗಸರ ಮಾತಿಗೆ ಕಿವಿಗೊಟ್ಟಿದ್ದ ದಿನ, ಚಿಕ್ಕಪ್ಪ ಆ ಮುದುಕಿಯನ್ನು ಆಡಿನ ಕೊಟ್ಟಿಗೆಯಲ್ಲಿ ಕೂಡಿ ಅಗಳಿ ಹಾಕಿದ. ಅವಳು ಒಳಗಿಂದ ತನ್ನ ಭಾಷೆಯಲ್ಲಿ ಮಗನನ್ನು ಕೂಗಿದಳು. ಆ ಕೂಗು ಕೇಳಬಾರದೆಂದು ಯಾರೋ ಹೋಗಿ ಇಗರ್ಜಿಯ ಗಂಟೆ ಬಾರಿಸಿದರು. ಅಧಿಕಾರಿಗಳು ತಲೆಯಾಡಿಸುತ್ತ ಹೋದರು. ಅಷ್ಟೆಲ್ಲ ಮಾಡಿಯೂ ಹಳ್ಳಿ ಅಲ್ಬೇನಿಯಾಕ್ಕೇ ಹೋಯಿತು.

"ಮುದುಕಿ ಏನಂದ್ಳು?" ಎಂದು ಅಮೃತಮ್ಮ ಕೇಳಿದ್ದಳು.

"ಏನೂ ಅನ್ಲಿಲ್ಲ. ಆಮ್ಯಾಲ ಮಾತೇ ಆಡ್ಲಿಲ್ಲ," ಎಂದ ತಾನಾಸಪ್ಪ. "ನಾವು ಕುಂತಲ್ಲೇ ಕುಂತಿದ್ವಿ, ಅಮೃತಾ. ಗಡಿನೇ ಎದ್ದು ನಡಕೋಂತ ಬಂತು."

ಮುಂದಿನ ವರ್ಷ ಆ ಸೀಮೆಯ ಗ್ರೀಕರು ನಮ್ಮದು ನಮಗೇ ಇರಲಿ ಎಂದು ಸ್ವಂತ ಬಾವುಟ ಏರಿಸಿದರು. ಅದು ಕೆಲವು ತಿಂಗಳು ಹಾರಿತು. ಅಷ್ಟರಲ್ಲಿ ಎರಡೂ ಕಡೆಯ ಗುಂಪುಗಳು ಬೆಟ್ಟ ಇಳಿದು ಒಬ್ಬರ ಹಳ್ಳಿ ಒಬ್ಬರು ಸುಟ್ಟರು. ಪ್ಲಾಕೋವ ಉರಿದ ದಿನ ಅವನು ಹಳ್ಳದ ದಂಡೆಯ ಪೊದೆಯಲ್ಲಿ ಮಲಗಿದ್ದು, ಕಲ್ಲಿನ ಮಾಳಿಗೆಗಳು ಕಾದು ಸಿಡಿಯುವ ಸದ್ದು ಕೇಳಿದ್ದ. ಅಲ್ಲಿಂದ ಸಮುದ್ರ, ಹಡಗು, ಈಜಿಪ್ತ್ ದೇಶ, ಮುಂಬಯಿ. ಫರ್ಸಿ ಸಾಗಿಸಲು ಒಮ್ಮೆ ಮುಂಬಯಿಗೆ ಹೋದಾಗ ಬಂದರಿನಲ್ಲಿ ತನ್ನ ಭಾಷೆಯ ನಾವಿಕ ಸಿಕ್ಕಿ, ಅಲ್ಲಿ ಈಗ ಗ್ರೀಕು ಶಾಲೆಗಳಿಗೂ ಬೀಗ ಬಿದ್ದಿದೆ ಎಂದು ಹೇಳಿದನಂತೆ. ಮಹಾಯುದ್ಧ ನಡೆದ ಒಂದು ಚಳಿಗಾಲದಲ್ಲಿ ಶಹಾಬಾದಿನ ಸಿಮೆಂಟು ಕಾರ್ಖಾನೆಯ ಗುಮಾಸ್ತರ ಮನೆಯ ರೇಡಿಯೊ ಅವನ ಸೀಮೆಯ ಪಟ್ಟಣದ ಹೆಸರು ಹೇಳಿತು. ಇಟಲಿಯವರನ್ನು ಓಡಿಸಿ ಯುನಾನದ ದಂಡು ಅಲ್ಲಿ ಹೊಕ್ಕಿದೆ ಎಂದಿತು. ಅವನು ಆ ಕಿಟಕಿಯ ಕೆಳಗೆ ದಿನಾ ಹೋಗಿ ನಿಂತ. ಬೇಸಿಗೆಯ ಹೊತ್ತಿಗೆ ಜರ್ಮನಿಯವರು ಬಂದರು. ಆ ಹೆಸರು ರೇಡಿಯೊದಲ್ಲಿ ಮತ್ತೆ ಕೇಳಲಿಲ್ಲ.

ಅಮೃತಮ್ಮ ಇವನ್ನೆಲ್ಲ ದೂರದ ಕಥೆಯೆಂದೇ ಕೇಳಿದ್ದಳು. ಇಂಗ್ಲೀಷರು ಹೋದ ವರ್ಷ ಅದು ಹತ್ತಿರ ಬರತೊಡಗಿತು. ಶಹಾಬಾದನ್ನೂ ಆಳುತ್ತಿದ್ದ ನಿಜಾಮರು ಹಿಂದೂಸ್ತಾನಕ್ಕೆ ಸೇರುವುದಿಲ್ಲವಂತೆ ಎಂಬ ಮಾತು ಹಬ್ಬಿತು. ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದ ಜನ ಮೆಲ್ಲಗೆ ಮಾತಾಡತೊಡಗಿದರು. ನಿಜಾಮರ ಪರ ನಿಂತ ಸಾಬರ ದಳವಾದ ರಜಾಕಾರರು ಕವಾಯತು ಮಾಡುತ್ತ ರಸ್ತೆಯಲ್ಲಿ ಸಾಗುವಾಗ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಸೇಡಂ ಕಡೆಯಲ್ಲಿ ಒಂದು ಊರು ಸುಟ್ಟರು, ಚಿಂಚೋಳಿ ಕಡೆಯಲ್ಲಿ ಮನೆ ಹೊಕ್ಕು ಒಡವೆ ಕಿತ್ತರು ಎಂದು ಸುದ್ದಿಗಳು ಬರುತ್ತಿದ್ದವು. ಗುಂಡಗುರ್ತಿಯಲ್ಲಿ ಸಾಯಬಣ್ಣನ ಬಣವೆಗೆ ಬೆಂಕಿ ಬಿತ್ತೆಂದು ಕೇಳಿದಾಗ ಅಮೃತಮ್ಮನಿಗೆ ಹೋಗಿ ನೋಡುವ ಮನಸ್ಸಾಯಿತು. ಹೋಗುವ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ರಜಾಕಾರರ ಗುಂಪೊಂದು ಖಣಿಗೇ ಬಂತು. ಬಂಡೆ ಸಿಡಿಸುವ ಮದ್ದು ತಾನಾಸಪ್ಪನ ವಶದಲ್ಲಿದೆಯೆಂದು ಯಾರೋ ಅವರಿಗೆ ಹೇಳಿದ್ದರು. ಅವರ ಮುಂದಾಳು ಖಾಕಿ ತೊಟ್ಟ ಎಳೆಯ ಹುಡುಗ. ತಾನಾಸಪ್ಪನ ಬಣ್ಣ, ಮೀಸೆ ನೋಡಿ ನಕ್ಕು, ನೀನು ನಮ್ಮವನ ಹಾಗೆಯೇ ಇದ್ದೀ, ನಮ್ಮ ಜೊತೆ ಬಾ ಎಂದ. ಕುಲುಮೆಯಿಂದ ಮಜೀದಸಾಬ ಕೈ ಒರೆಸಿಕೊಳ್ಳುತ್ತ ಬಂದು ನಡುವೆ ನಿಂತ. ಮದ್ದು ಮಳೆಗೆ ನೆನೆದು ಹಾಳಾಗಿ ಖಣಿಯ ನೀರಿಗೆ ಎಸೆದದ್ದಾಯಿತು, ಈತ ಅರೆಮರುಳ ಹಕೀಮ, ಯಾತಕ್ಕೂ ಬಾರದವನು ಎಂದು ಉರ್ದುವಿನಲ್ಲಿ ಸಮಾಧಾನ ಹೇಳಿದ. ಆ ಹುಡುಗ ಮಜೀದಸಾಬನ ಕೆನ್ನೆಗೆ ಹೊಡೆದ. ಮುದುಕ ಮುಖವನ್ನೂ ಒರೆಸಿಕೊಳ್ಳದೆ ಅದೇ ಮಾತು ಮತ್ತೊಮ್ಮೆ ಹೇಳಿದ. ಅವರು ಹೋದರು. ಆ ಸಂಜೆಯೇ ಇಬ್ಬರು ಗಂಡಸರೂ ಸೇರಿ, ಒಣಗಿಯೇ ಇದ್ದ ಮದ್ದನ್ನು ನಿಜವಾಗಿ ನೀರಿಗೆ ಸುರಿದರು.

ಗಣೇಶನ ಹಬ್ಬ ಕಳೆದು ಹಿಂದೂಸ್ತಾನದ ದಂಡು ಒಳಗೆ ಬಂತು. ನಿಜಾಮರು ಶರಣಾದರು, ರಜಾಕಾರರು ಬಟ್ಟೆ ಬಿಚ್ಚಿ ಎಸೆದು ಓಡಿದರು ಎಂಬ ಸುದ್ದಿಗೆ ಶಹಾಬಾದಿನಲ್ಲಿ ಪಟಾಕಿ ಹಾರಿದವು. ಅಮೃತಮ್ಮ ಉಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಹಳ್ಳಿಗಳಿಂದ ಕೊಡಲಿ ಹಿಡಿದ ಗುಂಪುಗಳು ಹೊರಟವೆಂದು ಕೇಳಿಬಂತು. ಓಡಿಹೋದ ರಜಾಕಾರರು ಅವರ ಕೈಗೆ ಸಿಗಲಿಲ್ಲ. ಸಿಕ್ಕ ಸಾಬರನ್ನೆಲ್ಲ ಹೊಡೆಯತೊಡಗಿದರು. ಮಿಲಿಟರಿಯವರು ನಿಜಾಮರ ಪಹರೆಯ ಅರಬರನ್ನೂ ರೋಹಿಲರನ್ನೂ ಹುಡುಕಿ ಹುಡುಕಿ ಹಿಡಿಯುತ್ತಿದ್ದರು.

ಅಮೀರ್ಬೀ ಹಿತ್ತಲ ಬಾಗಿಲಿಗೆ ಬಂದಳು. "ಅಮೃತಾ, ಇವತ್ತೊಂದಿನ ಒಳಗ ಇರ್ತೀವಿ. ನಾಳಿಗಿ ಹೋಗ್ತೀವಿ," ಎಂದಳು.

ಅಮೃತಮ್ಮನಿಗೆ ಗಂಡನ ಕೆಂಪು ಮುಖವೇ ಕಣ್ಮುಂದೆ ಬಂತು. ಈ ಮನೆಯಲ್ಲಿ ಸಾಬರು ಸಿಕ್ಕರೆ ಈತನನ್ನೂ ಸಾಬನೆಂದೇ ಕಡಿಯುತ್ತಾರೆ. ಅವಳ ಬಾಯಿಂದ ಬರ್ರಿ ಎಂದೂ ಬರಲಿಲ್ಲ, ಬ್ಯಾಡ ಎಂದೂ ಬರಲಿಲ್ಲ. ಅಮೀರ್ಬೀ ಅವಳ ತೋಳು ಮುಟ್ಟಿ, ತಿರುಗಿ ಹೋದಳು. ಗಂಡಹೆಂಡತಿ ಒಂದು ಗಂಟು ಹೊತ್ತು ರೈಲು ಹಳಿಯ ಬದಿಗೆ ಬಗ್ಗಿ ಬಗ್ಗಿ ನಡೆದುಹೋದದ್ದನ್ನು ಅಮೃತಮ್ಮ ಬಾಗಿಲ ಸಂದಿಯಿಂದ ನೋಡಿದಳು. ಒಳಗಿದ್ದ ತಾನಾಸಪ್ಪನಿಗೆ ಆಮೇಲೆ ಹೇಳಿದಾಗ ಅವನು ಗೋಡೆಗೆ ತಲೆ ಆನಿಸಿ ಕುಳಿತುಬಿಟ್ಟ.

ಅವಳು ಗಂಡನ ಮೀಸೆ ತೆಗೆಸಿದಳು, ಕೊರಳ ಶಿಲುಬೆ ಬಿಚ್ಚಿಟ್ಟಳು, ಧೋತರ ಉಡಿಸಿದಳು, ಹಣೆಗೆ ಅಡ್ಡ ವಿಭೂತಿ ಬಳಿದಳು. ಮೀಸೆಯಿದ್ದ ಜಾಗ ಬೆಳ್ಳಗೆ ಎದ್ದು ಕಂಡು ಅವನು ಇನ್ನಷ್ಟು ಪರದೇಶಿಯಾದ. ಮರುದಿನ ಬಿಸಿಲೇರಿದಾಗ ಗುಂಪು ಬಂತು. ಮೊದಲು ಕುಲುಮೆ ಹೊಕ್ಕು, ಯಾರೂ ಸಿಗದೆ, ತಿದಿಯನ್ನು ಸೀಳಿ ಹೊರಬಂದರು. ಅರಬನೊಬ್ಬ ಈ ಮನೆಯಲ್ಲಿದ್ದಾನೆ ಎಂದು ಒಬ್ಬ ಕೂಗಿದ. ಅವರ ನಡುವೆ ಸಾಯಬಣ್ಣನಿದ್ದ. ಇಷ್ಟು ವರ್ಷದಲ್ಲಿ ತಮ್ಮನ ತಲೆ ನರೆತದ್ದನ್ನು ಅಮೃತಮ್ಮ ಆಗಲೇ ನೋಡಿದ್ದು.

ತಾನಾಸಪ್ಪನನ್ನು ಅಂಗಳಕ್ಕೆ ಎಳೆದರು. ಒಬ್ಬ ಹಣೆಯ ವಿಭೂತಿಯನ್ನು ಹೆಬ್ಬೆರಳಿಂದ ಒರೆಸಿ, ಕನ್ನಡದಲ್ಲಿ ಮಾತಾಡು ಎಂದ. ಇಪ್ಪತ್ತು ವರ್ಷ ಹೆಂಡತಿಯ ಜೊತೆ ಕನ್ನಡದಲ್ಲೇ ಉಂಡು, ಜಗಳಾಡಿ, ಅತ್ತ ಮನುಷ್ಯನಿಗೆ ಆ ಗಳಿಗೆಯಲ್ಲಿ ಒಂದು ಶಬ್ದವೂ ಹೊಳೆಯಲಿಲ್ಲ. ತುಟಿ ಅಲುಗಿತು; ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತ, "ಪನಾಯಿಯಾ ಮು, ಪನಾಯಿಯಾ ಮು" ಎಂದು ತನ್ನ ದೇವಮಾತೆಯನ್ನು ಕರೆದ. ಅರಬ್ಬಿ ಆಡಾಕತ್ತಾನ ಎಂದು ಯಾರೋ ಅಂದರು. ಕೊಡಲಿಯೊಂದು ಮೇಲೆದ್ದಿತು.

ಅಮೃತಮ್ಮ ತಮ್ಮನ ಮುಂದೆ ಹೋಗಿ ನಿಂತಳು. "ಸಾಯಬಣ್ಣ, ನಿನಗ ಗೊತ್ತದ. ಒಂದು ಮಾತು ಹೇಳು."

ಸಾಯಬಣ್ಣ ನೆಲ ನೋಡಿದ. ಮಾತು ಬರಲಿಲ್ಲ.

ಅಷ್ಟರಲ್ಲಿ ಮಿಲಿಟರಿ ಲಾರಿ ಖಣಿಯ ದಾರಿಗೆ ತಿರುಗಿತು. ಸಿಪಾಯಿಗಳು ಗುಂಪನ್ನು ಬಂದೂಕಿನ ಹಿಡಿಯಿಂದ ಚದುರಿಸಿ, ನಡುವೆ ಬಿದ್ದಿದ್ದ ತಾನಾಸಪ್ಪನನ್ನು ಎತ್ತಿ ಲಾರಿಗೆ ಹಾಕಿದರು. ಅವರಿಗೂ ಅರಬನ ಸುದ್ದಿ ಮುಟ್ಟಿತ್ತು. ಗಂಡನನ್ನು ಕೊಲ್ಲಲಿಕ್ಕೇ ಒಯ್ದರೆಂದು ಅಮೃತಮ್ಮ ಲಾರಿಯ ಹಿಂದೆ ಓಡಿದಳು. ಆ ಲಾರಿಯೇ ಅವನನ್ನು ಉಳಿಸಿತೆಂದು ಅವಳಿಗೆ ತಿಳಿಯಲು ಬಹಳ ದಿನ ಹಿಡಿಯಿತು.

ವಾಡಿ ಸ್ಟೇಷನ್ನಿನ ಮಾಲಿನ ಗೋದಾಮಿನಲ್ಲಿ ಹಿಡಿದವರನ್ನು ಕೂಡಿದ್ದರು. ಅವಳು ನಡೆದೇ ಹೋದಳು. ಬಾಗಿಲಲ್ಲಿ ಮೇಜು ಹಾಕಿಕೊಂಡು ಅಧಿಕಾರಿ ಕುಳಿತಿದ್ದ. ದಕ್ಷಿಣದವನು, ಈ ಸೀಮೆಯ ಭಾಷೆ ಒಂದೂ ಬಾರದು. ನಡುವೆ ಮಾತು ದಾಟಿಸಲು ಚಿತ್ತಾಪುರದ ಶಾಲೆಯ ಮಾಸ್ತರು ಪ್ರಾಣೇಶರಾಯರನ್ನು ಕರೆಸಿದ್ದರು. ಬಿಳಿ ಧೋತರ, ಗೋಪೀಚಂದನ, ನಿದ್ದೆಗೆಟ್ಟ ಕಣ್ಣು. ಈತ ನನ್ನ ಗಂಡ, ಯುನಾನಿ, ಸಾಬನಲ್ಲ ಎಂದು ಅಮೃತಮ್ಮ ಕಾಲಿಗೆ ಬಿದ್ದು ಹೇಳಿದಳು. ರಾಯರು ಹಿಂದೆ ಸರಿದು, ಏಳಲು ಹೇಳಿ, ತಾನಾಸಪ್ಪನನ್ನು ಹೊರಗೆ ಕರೆಸಿದರು.

"ಇವರು ಹುಟ್ಟಿದ್ದು ಯಾವ ರಾಜ್ಯದಾಗ ಅಂತ ಸಾಹೇಬರು ಕೇಳ್ಲಿಕತ್ತಾರ. ಖರೇ ಹೇಳ್ರಿ," ಎಂದರು ರಾಯರು.

ಅಮೃತಮ್ಮ ಗಂಡನ ಕಣ್ಣು ಹಿಡಿಯಲು ನೋಡಿದಳು. ಅವನು ಅವಳ ಕಡೆ ನೋಡಲೇ ಇಲ್ಲ. ಅವನಿಗೆ ಕನ್ನಡ ಮರಳಿತ್ತು.

"ಹುಟ್ಟಿದಾಗ ತುರ್ಕರ ರಾಜ್ಯ ಇತ್ರಿ. ಆಮ್ಯಾಲ ನಮ್ಮೋರು ಬಂದ್ರು. ಆಮ್ಯಾಲ ಅಲ್ಬೇನಿಯಾ ಆತು. ನಾವು ಮನಿ ಬಿಟ್ಟು ಎದ್ದೇ ಇರ್ಲಿಲ್ಲ."

ಗೋದಾಮಿನ ಬಾಗಿಲಲ್ಲಿದ್ದ ಜನ ತುರ್ಕ ಎಂಬ ಶಬ್ದ ಕೇಳಿ ಗುಜುಗುಜು ಅಂದರು. ಪ್ರಾಣೇಶರಾಯರಿಗೆ ಅರ್ಥವಾಯಿತು. ಅವರು ಕೈಯಲ್ಲಿ ನಕಾಶೆ ಬರೆಯುವಂತೆ ಗೆರೆ ಎಳೆದು ಎಳೆದು ಇಂಗ್ಲೀಷಿನಲ್ಲಿ ಬಹಳ ಹೊತ್ತು ವಿವರಿಸಿದರು. ಅಮೃತಮ್ಮನಿಗೆ ತಿಳಿದದ್ದು ಟರ್ಕಿ ಎಂಬ ಒಂದೇ ಶಬ್ದ. ದಣಿದಿದ್ದ ಅಧಿಕಾರಿಯೂ ಅದೊಂದನ್ನೇ ಹಿಡಿದುಕೊಂಡನೋ ಏನೋ. ಪರದೇಶಿ, ಕ್ಯಾಂಪಿಗೆ ಎಂದ. "ನಾ ಹೇಳೂದು ಹೇಳೀನಿ ತಾಯಿ," ಎಂದರು ರಾಯರು, ಅವಳ ಮುಖ ನೋಡದೆ. ಸಂಜೆಯ ರೈಲಿಗೆ ಎಲ್ಲರನ್ನೂ ತುಂಬಿದರು.

ಆಮೇಲಿನ ತಿಂಗಳುಗಳಲ್ಲಿ ಅಮೃತಮ್ಮ ಬದುಕಿದ್ದು ಕಿವಿಯಲ್ಲಿ. ಲಾರಿಯ ಸದ್ದಾದರೆ ಕೈಯ ರೊಟ್ಟಿ ಹಾಗೇ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಹಿಡಿದ ಅರಬರನ್ನು ಹಡಗು ಹತ್ತಿಸಿ ಅವರ ದೇಶಕ್ಕೆ ಅಟ್ಟುತ್ತಿದ್ದಾರೆ ಎಂದು ಒಬ್ಬರು ಹೇಳಿದರೆ, ದಾರಿಯಲ್ಲೇ ಗುಂಡು ಹಾಕುತ್ತಾರೆ ಎಂದು ಇನ್ನೊಬ್ಬರು. ಸುಟ್ಟ ಊರಿಗೆ ಅವನನ್ನು ಕಳಿಸಿಬಿಟ್ಟರೆ ಹೇಗೆ ಎಂಬುದು ಅವಳಿಗೆ ಸಾವಿಗಿಂತ ದೊಡ್ಡ ಹೆದರಿಕೆಯಾಯಿತು. ಸಾಯಬಣ್ಣ ಒಮ್ಮೆ ಜೋಳದ ಚೀಲ ತಂದು ಕಟ್ಟೆಯ ಮೇಲಿಟ್ಟು ಹೋದ. ಅವಳು ಅದನ್ನು ಒಳಗೆ ತರಲೂ ಇಲ್ಲ, ಹೊರಗೆ ಎಸೆಯಲೂ ಇಲ್ಲ. ಇಬ್ಬನಿ ಬೀಳತೊಡಗಿದ ಮೇಲೆ, ಕಾಳು ಕೆಡುತ್ತದೆಂದು ಒಳಗೆ ತಂದಳು.

ಎಳ್ಳಮಾವಾಸ್ಯೆ ಹತ್ತಿರವಾದಾಗ ತಾನಾಸಪ್ಪ ಬಂದ. ಸ್ಟೇಷನ್ನಿನಲ್ಲಿ ಕಂಡವರು ಹೇಳಿದ್ದರಿಂದ ಸಾಯಬಣ್ಣನೇ ಬಂಡಿ ಕಟ್ಟಿ ಕರೆತಂದಿದ್ದ. ಮೈಯಲ್ಲಿ ಎಲುಬೇ ಉಳಿದಿತ್ತು. ಮೀಸೆ ಬೆಳ್ಳಗೆ ಮತ್ತೆ ಬಂದಿತ್ತು. ಬಿಸಿನೀರು ಹಾಕಿ, ಉಣ್ಣಿಸಿ, ಅವಳು ಹೇಗೆ ಬಿಟ್ಟರು ಎಂದು ಕೇಳಿದಳು. ಅವನು ನಿಧಾನವಾಗಿ ಹೇಳಿದ. ಒಬ್ಬೊಬ್ಬರನ್ನೇ ಕರೆದು ಯಾವ ದೇಶಕ್ಕೆ ಕಳಿಸಬೇಕೆಂದು ಗೊತ್ತುಮಾಡುತ್ತಿದ್ದರಂತೆ. ಇವನು ಪ್ಲಾಕೋವ ಎಂದ. ಅಧಿಕಾರಿಗಳು ಪುಸ್ತಕ ತೆರೆದು ಹುಡುಕಿದರು. ಅಲ್ಬೇನಿಯಾದ ಗಡಿ ಮುಚ್ಚಿತ್ತು. ಯುನಾನದೊಳಗೆ ಅಣ್ಣತಮ್ಮಂದಿರೇ ಯುದ್ಧ ಮಾಡುತ್ತಿದ್ದರು. ಸುಲ್ತಾನನ ರಾಜ್ಯ ಭೂಮಿಯ ಮೇಲೇ ಇರಲಿಲ್ಲ. ಕಡೆಗೆ, ನಿನ್ನನ್ನು ಯಾರಿಗೆ ಒಪ್ಪಿಸೋಣ ಎಂದು ಒಬ್ಬ ಬೇಸತ್ತು ಕೇಳಿದ. ಹೆಂಡತಿಗೆ ಎಂದನಂತೆ ತಾನಾಸಪ್ಪ.

ಹೇಳುವಾಗ ಅವನು ನಗಲಿಲ್ಲ. ಅವಳೂ ನಗಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಸಾಯಬಣ್ಣ ಅಕ್ಕನ ಕಡೆ ನೋಡದೆ ಮಾತೆತ್ತಿದ. ಇಲ್ಲಿ ಇರುವುದು ಬೇಡ, ಕುಂಚಾವರಂ ಕಡೆ ತೆಲುಗು ಸೀಮೆಗೆ ತಾಗಿದ ಅಡವಿಯಲ್ಲಿ ತನ್ನ ಗುರುತಿನವರಿದ್ದಾರೆ, ಅಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಯಾರ ಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ ಎಂದ.

"ಗಡಿ ಹತ್ರ ಬ್ಯಾಡಪ್ಪ," ಎಂದ ತಾನಾಸಪ್ಪ.

ಸಾಯಬಣ್ಣ ಎದ್ದು ಎತ್ತಿನ ಹಗ್ಗ ಬಿಚ್ಚಿದ. "ಅಕ್ಕಾ, ಅವತ್ತು ನನಗ ಬಾಯಿ ಬರಲಿಲ್ಲ," ಎಂದ. ಅಮೃತಮ್ಮ ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟಳು. ಅದಕ್ಕಿಂತ ಹೆಚ್ಚು ಅವಳಿಂದ ಅಂದು ಆಗಲಿಲ್ಲ.

ಹಬ್ಬದ ದಿನ ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಗಳಿಗೆ ಹೋಗಿ ಓಣಿ ಬರಿದಾಗಿತ್ತು. ಅಮೃತಮ್ಮ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಗ ಕುಲುಮೆಯ ಕಡೆ ಯಾರೋ ಓಡಾಡುವುದು ಕಂಡಿತು. ಅಮೀರ್ಬೀ. ಒಬ್ಬಳೇ ಇದ್ದಳು. ಸೀಳಿದ ತಿದಿಯ ಹತ್ತಿರ ಕುಳಿತು ಬೂದಿಯಲ್ಲಿ ಏನನ್ನೋ ಹುಡುಕುತ್ತಿದ್ದಳು. ಮಜೀದಸಾಬ ಎಲ್ಲಿ ಎಂದು ಕೇಳಲು ಅಮೃತಮ್ಮನಿಗೆ ಧೈರ್ಯವಾಗಲಿಲ್ಲ. ಅಮೀರ್ಬೀಯ ಬಳೆಯಿಲ್ಲದ ಬರಿಗೈ ನೋಡಿಯೇ ತಿಳಿಯಿತು.

ಅಮೃತಮ್ಮ ಮೊದಲು ದಾರಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಯಾರೂ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ದಾಟಿ ಹೋಗಿ ಅಮೀರ್ಬೀಯ ತೋಳು ಹಿಡಿದು ಎಬ್ಬಿಸಿದಳು.

"ಬರ್ರಿ ಆಪಾ, ಒಳಗ ಕುಂದ್ರಿ. ರೊಟ್ಟಿ ಬಿಸಿ ಅದ," ಎಂದಳು.

ಅಮೀರ್ಬೀ ಬಂದಳು. ತಾನಾಸಪ್ಪ ಚಾಪೆ ಹಾಸಿದ. ಅಮೃತಮ್ಮ ಬಾಗಿಲು ಮುಚ್ಚಿ ಅಗಳಿ ಹಾಕಿ, ಮತ್ತೆ ಒಲೆಯ ಮುಂದೆ ಕುಳಿತಳು.